ಖಾತೆ ಸ್ಥಗಿತ: ದೂರು ಎಲ್ಲಿಗೆ?

ಹಿರಿಯೂರು: ತೆಂಗು, ದಾಳಿಂಬೆ ವ್ಯಾಪಾರವೂ ವಾಟ್ಸ್‌ಆ್ಯಪ್‌ನಲ್ಲೇ ಕುದುರುವ ಈ ಕಾಲದಲ್ಲಿ ಖಾತೆ ಏಕಾಏಕಿ ಸ್ಥಗಿತಗೊಂಡರೆ ಹೋಗುವುದು ಫೋಟೊಗಳಷ್ಟೇ ಅಲ್ಲ, ಗಿರಾಕಿಗಳೂ. ಗಾಬರಿಯಾಗದೆ ಮೊದಲು ಆ್ಯಪ್‌ನಲ್ಲೇ ಮರುಪರಿಶೀಲನೆ ಕೋರಬೇಕು. ಪರದೆಯ ಮೇಲೆ ಬಂದ ಸೂಚನೆಯ ಚಿತ್ರವನ್ನು ದಿನಾಂಕ ಸಹಿತ ಕಾಯ್ದಿಟ್ಟುಕೊಳ್ಳುವುದು ಒಳಿತು.

ಫಲ ಸಿಗದಿದ್ದರೆ ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬಹುದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅವರು 24 ಗಂಟೆಯೊಳಗೆ ಸ್ವೀಕೃತಿ ನೀಡಬೇಕು. ಆ ಸ್ವೀಕೃತಿಯನ್ನು ಜೋಪಾನ ಮಾಡಿ. ಅಧಿಕಾರಿಯ ತೀರ್ಮಾನ ಸಮ್ಮತವಾಗದಿದ್ದರೆ, ಅದು ಕೈಸೇರಿದ 30 ದಿನಗಳೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಯ ಮೊರೆ ಹೋಗಲು ಅವಕಾಶವಿದೆ. 2023ರ ಮಾರ್ಚ್‌ 1ರಂದು ಆರಂಭವಾದ ಈ ವ್ಯವಸ್ಥೆಯಲ್ಲಿ ಎಲ್ಲವೂ ಆನ್‌ಲೈನ್‌, ದೆಹಲಿಗೆ ಅಲೆಯಬೇಕಿಲ್ಲ.

'ದುಡ್ಡು ಕೊಡಿ, ಖಾತೆ ಬಿಡಿಸಿಕೊಡುತ್ತೇವೆ' ಎನ್ನುವವರಿಗೆ ಒಟಿಪಿ ಹೇಳಬಾರದು. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.