ತಾಮ್ರಚೂಡ ಶಬ್ದವೂ ಹುಂಜದ ಜುಟ್ಟೂ

ಅಮರಸಿಂಹನು ಕೋಳಿಗೆ ಕೃಕವಾಕು, ತಾಮ್ರಚೂಡ, ಕುಕ್ಕುಟ, ಚರಣಾಯುಧ ಎಂಬ ನಾಲ್ಕು ಹೆಸರುಗಳನ್ನು ಹೇಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಇವುಗಳಲ್ಲಿ ತಾಮ್ರಚೂಡವೆಂಬುದು ಪ್ರಕೃತ ವಿಚಾರಕ್ಕೆ ವಿಷಯ.

ಚೂಡಾ ಎಂದರೆ ಶಿಖೆ. ಚೂಡಾಕರ್ಮವೆಂಬಲ್ಲಿ ಕೂದಲೆಂಬ ಅರ್ಥವು ಸ್ಫುಟವಾಗಿದೆ. ಆದಕಾರಣ ನಾನು ಬಹುಕಾಲ ಈ ಶಬ್ದಕ್ಕೆ ‘ಕೆಂಗೂದಲ ಜುಟ್ಟುಳ್ಳದ್ದು’ ಎಂದೇ ಪಾಠ ಹೇಳುತ್ತಿದ್ದೆನು. ಒಂದು ದಿನ, ಮನೆಯಲ್ಲಿ ಕೋಳಿ ಸಾಕುವ ಹಳ್ಳಿಯ ವಿದ್ಯಾರ್ಥಿಯೊಬ್ಬನು, “ಗುರುಗಳೇ, ಹುಂಜದ ಜುಟ್ಟಿನಲ್ಲಿ ಕೂದಲೂ ಇಲ್ಲ, ಗರಿಯೂ ಇಲ್ಲ, ಅದು ಬರಿಯ ಮಾಂಸವಲ್ಲವೇ?” ಎಂದನು. ನಾನು ನಿರುತ್ತರನಾದೆನು.

ಆಮೇಲೆ ಕೋಶವನ್ನು ಮತ್ತೆ ನೋಡಲು, ಅಮರನೇ ನವಿಲಿನ ತಲೆಯ ಗರಿಗೂ ಶಿಖಾ, ಚೂಡಾ ಎಂಬ ಹೆಸರುಗಳನ್ನು ಕೊಟ್ಟಿರುವುದು ಕಂಡುಬಂದಿತು. ಎಂದರೆ ಮನುಷ್ಯನಲ್ಲಿ ಕೂದಲು, ನವಿಲಿನಲ್ಲಿ ಗರಿ, ಹುಂಜದಲ್ಲಿ ಮಾಂಸ: ಮೂರೂ ಚೂಡೆಗಳೇ. ಶಬ್ದವು ದ್ರವ್ಯವನ್ನಲ್ಲ, ತಲೆಯ ಮೇಲೆ ನಿಂತಿರುವಿಕೆಯನ್ನು ಹೇಳುತ್ತದೆ. ನಮ್ಮ ಕನ್ನಡದ ‘ಜುಟ್ಟು’ ಎಂಬುದರ ಗತಿಯೂ ಇದೇ. ತೆಂಗಿನಕಾಯಿಯ ನಾರಿಗೂ ಅದೇ ಹೆಸರು, ಕೋಳಿಜುಟ್ಟಿನ ಹೂವಿಗೂ ಅದೇ ಹೆಸರು.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕುಕ್ಕುಟಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮುಖ, ಉಗುರು, ಜುಟ್ಟು ಇವು ಕೆಂಪಾಗಿದ್ದು, ಮೈ ಬೆಳ್ಳಗಿದ್ದು, ಇರುಳು ಕಳೆಯುವಾಗ ಇಂಪಾಗಿ ಕೂಗುವ ಹುಂಜವು ಅರಸನಿಗೂ ರಾಷ್ಟ್ರಕ್ಕೂ ಕುದುರೆಗಳಿಗೂ ಅಭಿವೃದ್ಧಿಕರವೆಂಬುದು ಆತನ ಮತ. ಫಲಭಾಗವು ಹೇಗಾದರೂ ಇರಲಿ, ನೋಟವು ಸೂಕ್ಷ್ಮವಾದುದೇ. ಜುಟ್ಟಿನ ಕೆಂಪಿಗೆ ಕಾರಣ, ತೆಳುವಾದ ಚರ್ಮದ ಕೆಳಗೆ ದಟ್ಟವಾಗಿ ಹಬ್ಬಿರುವ ರಕ್ತನಾಳಗಳು.

ಈ ಮಾಂಸಖಂಡವು ಈಚಿನ ಶಾಸ್ತ್ರಚರಿತ್ರೆಯಲ್ಲಿಯೂ ಎರಡು ಸಲ ದೀಪವಾಯಿತು. 1849ರಲ್ಲಿ ಜರ್ಮನಿಯ ಗೊಟ್ಟಿಂಗೆನ್ನಿನಲ್ಲಿ ಬೆರ್ಟೋಲ್ಡನು ಆರು ಎಳೆಯ ಹುಂಜಗಳ ಮೇಲೆ ಪ್ರಯೋಗ ಮಾಡಿದನು. ವೃಷಣಗಳನ್ನು ಕಳೆದುಕೊಂಡವುಗಳ ಜುಟ್ಟು ಬೆಳೆಯಲಿಲ್ಲ. ಹೊಟ್ಟೆಯೊಳಗೆ ವೃಷಣವನ್ನು ನೆಟ್ಟವುಗಳಲ್ಲಿ ಅದು ಎಂದಿನಂತೆ ಬೆಳೆದು, ಅವು ಕೂಗಿದವು. ರಕ್ತದ ಮೂಲಕವೇ ಒಂದು ಅಂಗವು ಮತ್ತೊಂದನ್ನು ಆಳುತ್ತದೆಂಬುದಕ್ಕೆ ಇದು ಆಧಾರವಾಯಿತು. 1902ರಲ್ಲಿ ಇಂಗ್ಲೆಂಡಿನ ಬೇಟ್ಸನ್ನನು ಮೆಂಡಲನ ನಿಯಮವು ಪ್ರಾಣಿಗಳಿಗೂ ಸಲ್ಲುವುದೆಂದು ಜುಟ್ಟುಗಳ ಆಕಾರದಿಂದಲೇ ತೋರಿಸಿದನು. ಗುಲಾಬಿಜುಟ್ಟಿನ ತಳಿಯನ್ನೂ ಬಟಾಣಿಜುಟ್ಟಿನ ತಳಿಯನ್ನೂ ಕೂಡಿಸಿದರೆ ಅಕ್ರೋಟಿನಂತಹ ಮೂರನೆಯ ಆಕಾರವು ಹುಟ್ಟುತ್ತದೆ. ಅವುಗಳ ಸಂತತಿಯಲ್ಲಿ ಅಕ್ರೋಟು, ಗುಲಾಬಿ, ಬಟಾಣಿ, ಸಾಧಾರಣ ಒಂಟಿಜುಟ್ಟುಗಳು 9:3:3:1ರ ಪ್ರಮಾಣದಲ್ಲಿ ಬರುತ್ತವೆ. ತಂದೆತಾಯಿಗಳಲ್ಲಿಯೂ ಅಜ್ಜಅಜ್ಜಿಯರಲ್ಲಿಯೂ ಕಾಣದ ಒಂಟಿಜುಟ್ಟು ಮೊಮ್ಮಕ್ಕಳಲ್ಲಿ ತಲೆಯೆತ್ತುವುದು ಸೋಜಿಗವಲ್ಲವೇ? ಬಟಾಣಿಜುಟ್ಟಿನ ವಂಶವಾಹಿಕಾರಣವು 2009ರಲ್ಲಿ, ಗುಲಾಬಿಜುಟ್ಟಿನದು 2012ರಲ್ಲಿ ಪ್ರಕಟವಾದವು.

ವರಾಹಮಿಹಿರನು ಜುಟ್ಟಿನಲ್ಲಿ ರಾಜ್ಯದ ಭವಿಷ್ಯವನ್ನು ಓದಿದನು; ಈಚಿನವರು ಅದರಲ್ಲಿ ಹಕ್ಕಿಯ ದೇಹವನ್ನೂ ವಂಶವನ್ನೂ ಓದಿದರು. ಹುಂಜವನ್ನು ಎದುರಿಗಿಟ್ಟು ನೋಡಿದುದು ಇಬ್ಬರಿಗೂ ಸಮಾನ. ಕೋಶವನ್ನು ಮಾತ್ರ ನೋಡಿ, ಅದನ್ನೂ ಅರ್ಧ ನೋಡಿ, ಇಲ್ಲದ ಕೂದಲನ್ನು ಹುಂಜದ ತಲೆಗೆ ಅಂಟಿಸಿದವನು ನಾನು. ಈಗ ‘ಕೆಂಪು ಜುಟ್ಟುಳ್ಳದ್ದು’ ಎಂದಷ್ಟೇ ಪಾಠ ಹೇಳುತ್ತಿದ್ದೇನೆ. ಈ ತಿದ್ದುಪಡಿಯ ಶ್ರೇಯಸ್ಸು ಆ ವಿದ್ಯಾರ್ಥಿಗೆ ಸಲ್ಲತಕ್ಕದ್ದು.