ಎಡಮಾಮೆ: ಜಪಾನಿನ ಹಸಿಕಾಳು, ನಮ್ಮ ಉಸಲಿ

ಸಂಕ್ರಾಂತಿ ಹತ್ತಿರ ಬಂತೆಂದರೆ ಸಿಯಾಟಲ್ ಕನ್ನಡಿಗರಿಗೆ ಅವರೆಕಾಯಿಯ ನೆನಪು. ಸೊಗಡಿನ ತಾಜಾ ಅವರೆ ಇಲ್ಲಿ ಅಪರೂಪ. ಎಡಮಾಮೆ ಮಾತ್ರ ಧಾರಾಳ. ಇದು ಬೇರೇನೂ ಅಲ್ಲ, ಬಲಿಯುವ ಮುನ್ನವೇ ಕಿತ್ತ ಸೋಯಾ ಅವರೆ. ಜಪಾನಿ ಭಾಷೆಯಲ್ಲಿ ‘ಎಡ’ ಎಂದರೆ ಕೊಂಬೆ, ‘ಮಾಮೆ’ ಎಂದರೆ ಕಾಳು.

1928ರಲ್ಲಿ ಟಕೋಮಾದಲ್ಲಿ ಶುರುವಾದ ಉವಾಜಿಮಾಯ ಅಂಗಡಿಯ ಸಿಯಾಟಲ್, ಬೆಲ್‌ವ್ಯೂ, ರೆಂಟನ್ ಮಳಿಗೆಗಳ ಫ್ರೀಜರಿನಲ್ಲಿ ಕಾಯಿಯೂ ಸಿಗುತ್ತದೆ, ಸುಲಿದ ಕಾಳೂ ಸಿಗುತ್ತದೆ. ಕಾಯಿಯನ್ನು ಉಪ್ಪುನೀರಿನಲ್ಲಿ ಐದು ನಿಮಿಷ ಕುದಿಸಿ, ಕಾಳನ್ನು ಬಾಯಿಗೆ ಹಿಂಡಿಕೊಂಡು ಸಿಪ್ಪೆ ಬಿಸಾಡಿ. ಹಸಿಯಾಗಿ ತಿನ್ನಬೇಡಿ. ಒಂದು ಕಪ್ ಕಾಳಿನಲ್ಲಿ ಸುಮಾರು 18 ಗ್ರಾಂ ಪ್ರೊಟೀನ್, 8 ಗ್ರಾಂ ನಾರು ಇರುತ್ತದೆ. ಸಸ್ಯಾಹಾರಿ ಮಕ್ಕಳ ಲಂಚ್ ಬಾಕ್ಸಿಗೆ ಇನ್ನೇನು ಬೇಕು?

ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆಗೆ ಸುಲಿದ ಕಾಳು, ತೆಂಗಿನತುರಿ ಹಾಕಿದರೆ ಒಳ್ಳೆಯ ಉಸಲಿ. ಉಪ್ಪಿಟ್ಟಿಗೂ ಹೊಂದುತ್ತದೆ. (ಸೊಗಡು ಮಾತ್ರ ಕೇಳಬೇಡಿ!)

ಆದರೆ ಒಂದು ಎಚ್ಚರಿಕೆ. ಅಮೆರಿಕದ 2004ರ ಅಲರ್ಜಿ ಕಾನೂನಿನ ಪಟ್ಟಿಯಲ್ಲಿ ಹಾಲು, ಕಡಲೆಕಾಯಿಯ ಜೊತೆ ಸೋಯಾ ಕೂಡ ಇದೆ. ಒಗ್ಗರಣೆ ಬಿದ್ದ ಮೇಲೆ ಇದು ಬಟಾಣಿಯೋ ಅವರೆಯೋ ಎಂದು ಯಾರಿಗೂ ತಿಳಿಯದು. ಹಬ್ಬದ ಪಾಟ್‌ಲಕ್‌ಗೆ ತರುವವರು ದಯವಿಟ್ಟು ಪಾತ್ರೆಯ ಮೇಲೆ ‘ಸೋಯಾ ಇದೆ’ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಚೀಟಿ ಅಂಟಿಸಿ.