ಜೂಜಿನ ಗೀಳು ಮತ್ತು ಅದರ ಚಿಕಿತ್ಸೆ

ನವಲಗುಂದದ ಜಮಖಾನಗಳಲ್ಲಿ ನವಿಲಿನ ಜೊತೆಗೆ ಪಗಡೆಯ ಹಾಸನ್ನೂ ನೇಯುವ ರೂಢಿಯಿದೆ. ಪಂಪನ ತಾಯಿಯ ತವರು ಅಣ್ಣಿಗೇರಿ. ಕುಮಾರವ್ಯಾಸನ ಊರು ಹುಬ್ಬಳ್ಳಿಯ ಸಮೀಪದ ಕೋಳಿವಾಡ. ಧರ್ಮರಾಯನ ದ್ಯೂತವನ್ನು ಇಬ್ಬರೂ ವರ್ಣಿಸಿದ್ದಾರೆ. ರಾಜ್ಯವನ್ನೂ ತಮ್ಮಂದಿರನ್ನೂ ಮಡದಿಯನ್ನೂ ಸೋತು ಪಾರಾದವನು ಎರಡನೆಯ ಸಲ ಕರೆ ಬಂದಾಗ ಮತ್ತೆ ಏಕೆ ಹೋಗಿ ಕುಳಿತ? ನಮ್ಮ ಹಿರಿಯರು ಅದನ್ನು ವಿಧಿಯೆಂದರು. ಇಂದಿನ ಮನೋವೈದ್ಯರಾದರೋ, ಕಳೆದುದನ್ನು ಮರಳಿ ಪಡೆಯಲು ಮತ್ತೆ ಮತ್ತೆ ಆಡುವುದನ್ನೇ ಈ ರೋಗದ ಮುಖ್ಯ ಲಕ್ಷಣಗಳಲ್ಲಿ ಒಂದೆಂದು ಎಣಿಸುತ್ತಾರೆ.

ಪಗಡೆಯ ಕಾಲ ಹಿಂದಾಯಿತು. ನಮ್ಮ ಹಳ್ಳಿಗಳಲ್ಲಿ ಮನೆ ಮುರಿದುದು ಅಂಕಿಯ ಜೂಜು. ಅದರ ಮೂಲ ಹತ್ತಿಯಲ್ಲಿರುವುದು ವಿಚಿತ್ರ. ಅಮೆರಿಕೆಯ ಅಂತರ್ಯುದ್ಧದ ವರ್ಷಗಳಲ್ಲಿ (1861–65) ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಯುದ್ಧ ನಿಂತೊಡನೆ ಕುಸಿಯಿತು. ಮುಂದೆ ಮುಂಬಯಿಯಲ್ಲಿ, ನ್ಯೂಯಾರ್ಕ್ ಪೇಟೆಯಿಂದ ತಂತಿಯ ಮೂಲಕ ಬರುತ್ತಿದ್ದ ಹತ್ತಿಯ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಜನ ಪಣ ಕಟ್ಟತೊಡಗಿದರು. 1961ರಲ್ಲಿ ಆ ದರ ಬರುವುದು ನಿಂತಿತು. ಆಟ ನಿಲ್ಲಲಿಲ್ಲ. ಗಡಿಗೆಯಿಂದ ಚೀಟಿ ಎತ್ತಿದರು, ಆಮೇಲೆ ಇಸ್ಪೀಟಿನ ಎಲೆ ತೆಗೆದರು. ಗಡಿಗೆಯಿಂದ ‘ಮಟಕಾ’ ಎಂಬ ಹೆಸರಾಯಿತು. ಓಪನ್, ಕ್ಲೋಸ್ ಎಂಬ ಮಾತುಗಳಿಂದ ನಮ್ಮ ಕಡೆಯ ‘ಓಸಿ’. ಹತ್ತಿ ಬೆಳೆಯುವವನ ಮನೆಗೆ ಅದು ಹತ್ತಿಯಿಲ್ಲದೆ ಬಂದಿತು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿ. ಹೊಡೆದರೆ ಸಾಮಾನ್ಯವಾಗಿ ರೂಪಾಯಿಗೆ ಒಂಬತ್ತು. ಅಂದರೆ ಕಟ್ಟಿದ ಪ್ರತಿ ನೂರರಲ್ಲಿ ಸರಾಸರಿ ಹತ್ತು ರೂಪಾಯಿ ಆಡಿಸುವವನ ಪಾಲು.

ಲೆಕ್ಕ ಇಷ್ಟು ಸ್ಪಷ್ಟವಿದ್ದರೂ ಬುದ್ಧಿವಂತ ಒಕ್ಕಲಿಗನೇಕೆ ಬೀಳುತ್ತಾನೆ? ನನಗೆ ತೋರುವ ಕಾರಣ ಹೀಗಿದೆ. ಎರೆಭೂಮಿಯ ರೈತ ಮುಂಗಾರು ಕೈಕೊಟ್ಟರೆ ಹಿಂಗಾರಿಯೆಂದು, ಈ ವರ್ಷ ಹೋದರೆ ಬರುವ ವರ್ಷವೆಂದು ಮತ್ತೆ ಬಿತ್ತುವವನು. ಆ ಛಲವಿಲ್ಲದೆ ಕುಂದಗೋಳ, ನವಲಗುಂದಗಳಲ್ಲಿ ಒಕ್ಕಲುತನವೇ ಇಲ್ಲ. ಅದೇ ಛಲ ಅಂಕಿಯ ಮುಂದೆ ಅವನನ್ನು ಮುಳುಗಿಸುತ್ತದೆ. ಎಂಟು ದಿನ ಬಾರದ ಅಂಕಿ ನಾಳೆ ಬಂದೇ ತೀರಬೇಕೆಂದು ಅವನಿಗೆ ತೋರುತ್ತದೆ. ಆದರೆ ನಿನ್ನೆ ಬಂದದ್ದೇನೆಂಬುದು ಚೀಟಿಗೆ ಗೊತ್ತಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಜೂಜುಗೃಹದಲ್ಲಿ ಚಕ್ರ ಸತತವಾಗಿ 26 ಸಲ ಕಪ್ಪನ್ನೇ ತೋರಿಸಿತು. ಇನ್ನು ಕೆಂಪೇ ಬರಬೇಕೆಂದು ಹಣ ಸುರಿದ ದೊಡ್ಡ ಮನುಷ್ಯರು ಬರಿಗೈಯಾದರು.

ಚಿಕಿತ್ಸೆಯ ಕಥೆ ಹೊಸದು. 1928ರಲ್ಲಿ ಫ್ರಾಯ್ಡ್, ರಷ್ಯದ ಕಾದಂಬರಿಕಾರ ದಾಸ್ತೋವ್‌ಸ್ಕಿಯ ಜೂಜಿನಲ್ಲಿ ತನ್ನನ್ನು ತಾನೇ ದಂಡಿಸಿಕೊಳ್ಳುವ ಒಳಬಯಕೆಯನ್ನು ಕಂಡ. ಕೇಳಲು ಸೊಗಸಾದ ಮಾತು. ಸಾಲಗಾರ ಬಾಗಿಲಲ್ಲಿ ನಿಂತಾಗ ಪ್ರಯೋಜನ ಕಡಿಮೆ. 1960ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯರು ಆಡುತ್ತಿರುವಾಗಲೇ ರೋಗಿಗೆ ವಿದ್ಯುತ್ತಿನ ಸಣ್ಣ ಪೆಟ್ಟು ಕೊಟ್ಟು ನೋಡಿದರು. 1983ರಲ್ಲಿ ಸಿಡ್ನಿಯ ಮೆಕಾನಘಿ ಮತ್ತು ಸಂಗಡಿಗರು ತೋರಿಸಿದಂತೆ, ಪೆಟ್ಟಿಗಿಂತ ಶಾಂತಿಯೇ ಮೇಲು: ರೋಗಿ ಮೈ ಸಡಿಲಿಸಿ ಮಲಗಿ, ಅಡ್ಡೆಯ ಬಳಿಗೆ ಹೋದಂತೆ, ಆಡದೆ ಹಿಂತಿರುಗಿದಂತೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುತ್ತಾನೆ. ಕೆನಡಾದ ಲದೂಸರ್ ಮತ್ತೊಂದು ದಾರಿ ಹಿಡಿದರು. ಆಡುವಾಗ ತಲೆಯಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿಸಿ, ‘ಈಗ ನನ್ನ ಸರದಿ’ ಎಂಬಂಥ ತಪ್ಪು ಲೆಕ್ಕಗಳನ್ನು ಒಂದೊಂದಾಗಿ ರೋಗಿಯಿಂದಲೇ ತಿದ್ದಿಸಿದರು. ಇಂದಿನ ಚಿಕಿತ್ಸೆಗೆ ಇದೇ ಬುನಾದಿ. ಇದರೊಡನೆ ಮನೆಯವರ ಕೈಗೆ ಹಣದ ವ್ಯವಹಾರ ಒಪ್ಪಿಸುವುದು, ಬಚ್ಚಿಟ್ಟ ಸಾಲವನ್ನೆಲ್ಲ ಬರೆದು ತೋರಿಸುವುದು ಸೇರಿವೆ. ಬಚ್ಚಿಟ್ಟ ಸಾಲವೇ ಎಷ್ಟೋ ಜನರನ್ನು ಸಾವಿನ ಯೋಚನೆಗೆ ದೂಡುವುದರಿಂದ ವೈದ್ಯರು ಅದನ್ನೂ ನೇರವಾಗಿ ಕೇಳುತ್ತಾರೆ. ಅಮೆರಿಕೆಯ ಮನೋವೈದ್ಯರ ಸಂಘ 1980ರಲ್ಲಿ ಇದನ್ನು ರೋಗವೆಂದು ಪಟ್ಟಿಗೆ ಸೇರಿಸಿತು. 2013ರಲ್ಲಿ ಮದ್ಯವ್ಯಸನದ ಸಾಲಿಗೆ ತಂದಿತು.

ಇತ್ತೀಚೆಗೆ ಚೀಟಿ ಬರೆಯುವವನ ಜಾಗವನ್ನು ಕೈಫೋನು ಹಿಡಿಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆ 2025ರ ಆಗಸ್ಟಿನಲ್ಲಿ ಬಂದಿತು. ಕಾಯಿದೆ ಅಡ್ಡೆಯನ್ನು ಮುಚ್ಚೀತು. ಮನಸ್ಸಿನ ಲೆಕ್ಕ ತಿದ್ದುವವರು ಬೇರೆ. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಆರಂಭವಾದ ಹುಚ್ಚಾಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಾಗಿದೆ. ಹಳೆಯ ಹೆಸರಿನ ಅಂಜಿಕೆಯಿಂದ ಅದರ ಮೆಟ್ಟಿಲು ಹತ್ತಲು ಹಿಂಜರಿಯುವವರು ಇಂದಿಗೂ ಇದ್ದಾರೆ. ಅಂಥವರು 14416ಕ್ಕೆ ಫೋನು ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ-ಮಾನಸ್ ಸೇವೆ ಉಚಿತವಾಗಿದ್ದು, ಹಗಲಿರುಳೂ ಕನ್ನಡದಲ್ಲಿ ದೊರೆಯುತ್ತದೆ. ರೋಗಿಯೇ ಮಾತಾಡಬೇಕೆಂದಿಲ್ಲ, ಮನೆಯವರೂ ಕೇಳಬಹುದು.